ಭಾವನವರ ಶಿಲ್ಕು

ಪ್ರತಿ ಕುಟುಂಬದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಫೋನ್ ಎತ್ತಿದರೆ 'ಹಲೋ' ಅನ್ನುವುದಿಲ್ಲ, 'ಬೇಗ ಹೇಳು, ಚಾರ್ಜ್ ಇಲ್ಲ' ಅನ್ನುತ್ತಾರೆ. ನಾವು ಗಾಬರಿಬಿದ್ದು ಮದುವೆ, ಮರಣ, ರೈಲಿನ ಪಿಎನ್‌ಆರ್ ನಂಬರು ಎಲ್ಲವನ್ನೂ ಒಂದೇ ಉಸಿರಿಗೆ ಒದರಿ ಮುಗಿಸಿ, 'ಅಂದಹಾಗೆ ಎಷ್ಟಿದೆ ಚಾರ್ಜು?' ಎಂದು ಕೇಳಿದರೆ 'ಅರವತ್ತೆಂಟು' ಎನ್ನುತ್ತಾರೆ. ಅರವತ್ತೆಂಟೆಂದರೆ ಅವರ ಲೆಕ್ಕದಲ್ಲಿ ಕಡುಬಡತನ.

ನಮ್ಮ ಪಾಲಿಗೆ ಬಂದವರು ನನ್ನ ಭಾವ, ಅಕ್ಕನ ಯಜಮಾನರು. ವಾಸ ಮಧುರವಾಡದಲ್ಲಿ. ಮಧುರವಾಡ ಎಂದರೆ ವಿಶಾಖಪಟ್ಟಣದ ಉತ್ತರದ ಅಂಚು. ಒಂದು ಕಡೆ ಋಷಿಕೊಂಡದ ಐಟಿ ಗುಡ್ಡಗಳು, ಇನ್ನೊಂದು ಕಡೆ ಸಿಂಹಾಚಲದ ಬೆಟ್ಟಸಾಲು, ನಡುವೆ 16ನೇ ರಾಷ್ಟ್ರೀಯ ಹೆದ್ದಾರಿ, ಅದರ ಎರಡೂ ಬದಿಗೆ ಒಂದರ ಮೈಮೇಲೆ ಒಂದು ಬಿದ್ದಂತಿರುವ ಅಪಾರ್ಟ್‌ಮೆಂಟುಗಳು. ಭಾವನ ಬಾಲ್ಕನಿಯಲ್ಲಿ ನಿಂತರೆ ಪಿ.ಎಂ. ಪಾಲೆಂನ ಕ್ರಿಕೆಟ್ ಸ್ಟೇಡಿಯಮ್ಮಿನ ದೀಪದ ಕಂಬಗಳು ಕಾಣುತ್ತವೆ. 2005ರ ಏಪ್ರಿಲ್ 5ರಂದು ಧೋನಿ ಪಾಕಿಸ್ತಾನವನ್ನು ಚಚ್ಚಿ 148 ಹೊಡೆದದ್ದು ಅಲ್ಲೇ. ಆ ದೀಪಗಳು ಹೊತ್ತಿಕೊಂಡ ಸಂಜೆ ಮಧುರವಾಡದ ಜನ ಸ್ಟೇಡಿಯಮ್ಮಿನ ಕಡೆ ಓಡಿದರೆ, ಭಾವ ಮಲಗುವ ಕೋಣೆಯ ಕಡೆ ಓಡಿ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ.

'ಅಷ್ಟು ಸಾವಿರ ಜನ ಒಂದೇ ಟವರಿನಿಂದ ಎಳೀತಾರೆ ಮಾರಾಯ. ನಮ್ಮ ಬ್ಯಾಟರಿಯ ಜೀವ ಹೋಗ್ತದೆ.'

ಇದರಲ್ಲಿ ಅರ್ಧ ಸತ್ಯವುಂಟು. ಭಾವನ ಎಲ್ಲ ಮಾತಿನಲ್ಲೂ ಅರ್ಧ ಸತ್ಯ ಇರುತ್ತದೆ. ಯಾವ ಅರ್ಧ ಎನ್ನುವುದು ಮಾತ್ರ ಅವರಿಗೂ ಗೊತ್ತಿರುವುದಿಲ್ಲ.

ಭಾವ ಕಾರ್ಪೊರೇಷನ್ ಬ್ಯಾಂಕಿನವರು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕಿಗೆ ಉಡುಪಿಯಲ್ಲೇ ಹುಟ್ಟಿದ ಹುಡುಗ ಗುಮಾಸ್ತನಾಗಿ ಸೇರಿ, ವರ್ಗಾವಣೆಯ ಮೇಲೆ ಊರೂರು ಸುತ್ತಿ, ಕೊನೆಗೆ ವೈಜಾಗಿನಲ್ಲಿ ಬೇರುಬಿಟ್ಟರು. 2020ರ ಏಪ್ರಿಲ್ 1ರಂದು ಅವರ ಬ್ಯಾಂಕೂ, 1923ರಲ್ಲಿ ಮಚಲೀಪಟ್ಟಣದಲ್ಲಿ ಶುರುವಾದ ಆಂಧ್ರ ಬ್ಯಾಂಕೂ ಒಟ್ಟಿಗೇ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕನ್ನಡದವರ ಬ್ಯಾಂಕು, ತೆಲುಗರ ಬ್ಯಾಂಕು, ಎರಡಕ್ಕೂ ಒಂದೇ ದಿನ ಬೋರ್ಡು ಇಳಿಯಿತು. ಆಮೇಲೆ ಭಾವ ನಿವೃತ್ತರಾದರು. ಅವರ ಲೆಕ್ಕ ಮಾತ್ರ ನಿವೃತ್ತಿಯಾಗಲಿಲ್ಲ. ಜೀವನವಿಡೀ ಬೇರೆಯವರ ದುಡ್ಡು ಕಾದವರಿಗೆ ಕಾಯುವುದಕ್ಕೆ ಏನಾದರೂ ಬೇಕಲ್ಲ? ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಕೈಯಲ್ಲಿ ಉಳಿದದ್ದು ಒಂದು ಹಳೇ ಫೋನು, ಅದರ ಮೂಲೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಇಳಿಯುತ್ತಲೇ ಹೋಗುವ ಒಂದು ಅಂಕಿ. ಇಳಿಯುವ ಅಂಕಿಯನ್ನು ನೋಡಿಯೂ ಸುಮ್ಮನೆ ಕೂರುವುದು ಬ್ಯಾಂಕಿನವರ ಕೈಲಿ ಆಗುವುದಿಲ್ಲ.

ಅದಕ್ಕೊಂದು ಡೈರಿ ಉಂಟು. ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಅವರು ಸ್ನಾನಕ್ಕೆ ಹೋಗಿದ್ದಾಗ ಒಂದು ಪುಟ ಓದಿದೆ. ಇದ್ದದ್ದು ಇದ್ದ ಹಾಗೆ:

'ಆರಂಭದ ಶಿಲ್ಕು — 80. ಪಂಚಾಂಗ — 1. ಮಗ — 3. ಶುಭೋದಯ, ಗುಲಾಬಿ ಹೂವು ಸಹಿತ — 1 (ಅನಗತ್ಯ). ಭಾವಮೈದ, ರಾಜಕೀಯ — 6. ಸಸ್ಪೆನ್ಸ್ ಖಾತೆ — 4. ಸದರಿ ಖಾತೆಯ ತನಿಖೆ — 2. ಅಂತ್ಯದ ಶಿಲ್ಕು — 63.'

ಭಾವಮೈದ ನಾನೇ. ಸಸ್ಪೆನ್ಸ್ ಖಾತೆ ಎಂದರೆ ಎಲ್ಲಿಗೆ ಹೋಯಿತೆಂದು ತಿಳಿಯದ ಚಾರ್ಜು. ಅದು ಎಲ್ಲಿ ಸೋರಿತೆಂದು ಸೆಟ್ಟಿಂಗುಗಳನ್ನು ಜಾಲಾಡುತ್ತಾ ಕೂತರೆ ಇನ್ನೆರಡು ಪರ್ಸೆಂಟ್ ಇಳಿಯುತ್ತದೆ. ಅದನ್ನೂ ಪ್ರಾಮಾಣಿಕವಾಗಿ ಬರೆದಿದ್ದಾರೆ. ಇಂಥ ಅಧಿಕಾರಿ ನಮ್ಮ ಪಂಚಾಯಿತಿಯಲ್ಲಿ ಒಬ್ಬರಿದ್ದರೆ ರಸ್ತೆಗಳು ಬೇರೆಯೇ ಇರುತ್ತಿದ್ದವು.

ಬರಬರುತ್ತಾ ಭಾವ ಗಡಿಯಾರ ನೋಡುವುದನ್ನೇ ಬಿಟ್ಟಿದ್ದಾರೆ. 'ಎಷ್ಟೊತ್ತಿಗೆ ಹೊರಟ್ರಿ ಭಾವ?' ಅಂದರೆ 'ಎಪ್ಪತ್ತೆರಡಕ್ಕೆ ಹೊರಟೆ, ಐವತ್ತೊಂಬತ್ತಕ್ಕೆ ತಲುಪಿದೆ' ಎನ್ನುತ್ತಾರೆ. ವೈಜಾಗಿನಿಂದ ವಿಜಯವಾಡ ನಮಗೆಲ್ಲ ಸುಮಾರು 350 ಕಿಲೋಮೀಟರ್. ಭಾವನಿಗೆ ಅದು ಇಪ್ಪತ್ತೆರಡು ಪರ್ಸೆಂಟಿನ ದಾರಿ, ಎದುರು ಸೀಟಿನವರು ಮಾತುಗಾರರಾಗಿದ್ದರೆ ಹದಿನೈದರಲ್ಲೇ ಮುಗಿಯುತ್ತದೆ. ರೈಲಿನ ಪ್ಲಗ್ಗಿಗೆ ಫೋನ್ ಸಿಕ್ಕಿಸುವುದು ಅವರಿಗೆ ಆಗಿಬರುವುದಿಲ್ಲ. ರಾತ್ರಿ 11ರಿಂದ ಬೆಳಗಿನ 5ರವರೆಗೆ ರೈಲುಗಳಲ್ಲಿ ಚಾರ್ಜಿಂಗ್ ಪಾಯಿಂಟ್ ಬಂದ್ ಎಂದು 2021ರಲ್ಲಿ ಸುದ್ದಿ ಬಂದಾಗ ದೇಶವೆಲ್ಲ ಗೊಣಗಿತು. ಭಾವ ಒಬ್ಬರೇ ಆ ಸುದ್ದಿಯನ್ನು ಕತ್ತರಿಸಿ ಡೈರಿಯಲ್ಲಿ ಅಂಟಿಸಿಕೊಂಡರು. ಕೇಂದ್ರ ಸರ್ಕಾರವೂ ಕೊನೆಗೆ ತಮ್ಮ ದಾರಿಗೆ ಬಂತಲ್ಲ ಎಂಬ ಸಂತೋಷ.

ಪರದೆಯ ಬೆಳಕು ಯಾವತ್ತೂ ಕನಿಷ್ಠ. ಹಗಲು ಹೊತ್ತಿನಲ್ಲಿ ಅವರ ಫೋನ್ ನೋಡಿದರೆ ಅದು ಆನ್ ಇದೆಯೋ ಇಲ್ಲವೋ ಎಂದು ಹೇಳಲು ತಜ್ಞರೇ ಬೇಕು. ಓದಬೇಕಾದಾಗ ಭಾವ ತಲೆಯ ಮೇಲೆ ಬೈರಾಸು ಹೊದ್ದುಕೊಂಡು, ಬಗ್ಗಿ, ಅದರ ಕತ್ತಲೆಯೊಳಗೆ ಫೋನ್ ಹಿಡಿದುಕೊಂಡು ಕೂರುತ್ತಾರೆ. ಎದುರು ಫ್ಲ್ಯಾಟಿನವರು ಒಂದು ವಾರ ನೋಡಿ ನೋಡಿ ಅಕ್ಕನನ್ನು ಕರೆದು, 'ನಿಮ್ಮ ಯಜಮಾನರಿಗೆ ನೆಗಡಿ ಇನ್ನೂ ಇಳಿದಿಲ್ಲವಾ? ದಿನಾ ಆವಿ ತಗೊಳ್ತಿದ್ದಾರಲ್ಲ' ಎಂದು ಶುಂಠಿ ಕಷಾಯದ ಪುಡಿ ಕೊಟ್ಟು ಕಳಿಸಿದರು.

ಬೆಳಕಿನ ವಿಷಯದಲ್ಲಿ ಭಾವನ ಮಾತು ಸರಿಯೇ. ಫೋನಿನ ಚಾರ್ಜನ್ನು ಎಲ್ಲರಿಗಿಂತ ಹೆಚ್ಚು ತಿನ್ನುವುದು ಪರದೆ. ಆದರೆ ಅಷ್ಟಕ್ಕೆ ನಿಂತರೆ ಅವರು ನಮ್ಮ ಭಾವ ಹೇಗಾದಾರು? ವಾಲ್‌ಪೇಪರಿನಲ್ಲಿದ್ದ ಉಡುಪಿ ಕೃಷ್ಣನನ್ನು ತೆಗೆದು ಕಡುಗಪ್ಪು ಬಣ್ಣ ಹಾಕಿದ್ದಾರೆ. ಕಪ್ಪಿಗೆ ಕರೆಂಟು ಬೇಡ ಎನ್ನುವ ಮಾತು ಓಎಲ್‌ಇಡಿ ಪರದೆಗೆ ನಿಜ. ಅಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಆರುತ್ತದೆ. ಭಾವನದು ಹಳೇ ಎಲ್‌ಸಿಡಿ. ಅದರ ಬೆನ್ನ ಹಿಂದಿನ ದೀಪ ಮುಂದೆ ಕೃಷ್ಣನಿರಲಿ ಕತ್ತಲೆಯಿರಲಿ ಒಂದೇ ಸಮ ಉರಿಯುತ್ತಲೇ ಇರುತ್ತದೆ. ಇದನ್ನು ಮಗ ವಿವರಿಸಿ ಹೇಳಿದ. ಭಾವ ಕೇಳಿಸಿಕೊಂಡರು. ಕೃಷ್ಣ ಮಾತ್ರ ವಾಪಸು ಬರಲಿಲ್ಲ.

ಅವರ ನಿಜವಾದ ಪರೀಕ್ಷೆ ನಡೆಯುವುದು ರೈತು ಬಜಾರಿನಲ್ಲಿ. ಬಸಳೆಗೆ ಅಲ್ಲಿ ಬಚ್ಚಲಿ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ನಾನೂ ಚೀಲ ಹಿಡಿದು ಜೊತೆಗೆ ಹೋಗಿದ್ದೆ. ಬಚ್ಚಲಿ ಎರಡು ಕಟ್ಟು, ಬೂದುಗುಂಬಳ ಒಂದು ಹೋಳು, ಒಟ್ಟು ಐವತ್ತೈದು ರೂಪಾಯಿ. ಭಾವ ಫೋನ್ ತೆಗೆದರು. ಮೊದಲು ಫ್ಲೈಟ್ ಮೋಡ್ ತೆಗೆಯಬೇಕು. ಆಮೇಲೆ ಟವರ್ ಸಿಗಬೇಕು. ಆಮೇಲೆ ಡೇಟಾ ಹಾಕಬೇಕು. ಹಿಂದೆ ಆರು ಜನ ನಿಂತಿದ್ದರು. ಅಂಗೈಯನ್ನು ಕೊಡೆಯಾಗಿಸಿ ಪರದೆಯ ಮೇಲೆ ನೆರಳು ಹಿಡಿದು, ಕ್ಯೂಆರ್ ಚೀಟಿಗೆ ಫೋನನ್ನು ತೋರಿಸಿ, ಪಿನ್ ಒತ್ತಿದರು. ಒತ್ತಿದ ಮರುಕ್ಷಣವೇ ಡೇಟಾ ಆಫ್, ಫ್ಲೈಟ್ ಮೋಡ್ ಆನ್, ಫೋನ್ ಜೇಬಿಗೆ.

ದುಡ್ಡು ಬಂದರೆ ಕೂಗಿ ಹೇಳುವ, ತರಕಾರಿಯಮ್ಮನ ಪಕ್ಕದ ಪೆಟ್ಟಿಗೆ ಮಾತಾಡಲಿಲ್ಲ.

'ಡಬ್ಬುಲು ರಾಲೇದಂಡಿ', ದುಡ್ಡು ಬಂದಿಲ್ಲ ಎಂದಳು ಆಕೆ.

'ಪಂಪಾನಮ್ಮಾ', ಕಳಿಸಿದೆನಮ್ಮಾ ಎಂದರು ಭಾವ.

'ಚೂಪಿಂಚಂಡಿ' ಎಂದಳು. ತೋರಿಸಿ ಎಂದರೆ ಮತ್ತೆ ಫೋನ್ ತೆಗೆಯಬೇಕು, ಮತ್ತೆ ಟವರ್, ಮತ್ತೆ ಡೇಟಾ. ಅದಕ್ಕೆ ಎರಡು ಪರ್ಸೆಂಟ್. ಭಾವ ಒಂದು ಕ್ಷಣ ಯೋಚಿಸಿದ್ದು ನನಗೆ ಕಂಡಿತು. ಅವರು ಬೇರೆ ಜೇಬಿಗೆ ಕೈ ಹಾಕಿ ಐವತ್ತೈದು ರೂಪಾಯಿ ನಗದು ಎಣಿಸಿ ಕೊಟ್ಟರು. ಕೊಟ್ಟು ಕೈ ಹಿಂದೆ ಎಳೆದುಕೊಳ್ಳುವಷ್ಟರಲ್ಲಿ ಪೆಟ್ಟಿಗೆ ತೆಲುಗಿನಲ್ಲಿ ಐವತ್ತೈದು ರೂಪಾಯಿ ಬಂತೆಂದು ಊರಿಗೆಲ್ಲ ಸಾರಿತು. ತರಕಾರಿಯಮ್ಮ ನಕ್ಕು ನಗದನ್ನು ವಾಪಸು ಕೊಟ್ಟಳು, ಮೇಲೊಂದಿಷ್ಟು ಕರಿಬೇವೂ ಹಾಕಿದಳು. ಹಿಂದಿನ ಆರು ಜನರಲ್ಲಿ ಇಬ್ಬರು ಆಗಲೇ ಬೇರೆ ಅಂಗಡಿಗೆ ಹೋಗಿದ್ದರು.

ಇನ್ನು ಆ್ಯಪುಗಳ ಸಂಹಾರ. ಯಾವುದೇ ಆ್ಯಪನ್ನು ತೆರೆದು ಮುಚ್ಚಿದ ಮೇಲೆ ಅದನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಪೂರ್ತಿ ಕೊಲ್ಲದಿದ್ದರೆ ಭಾವನಿಗೆ ನಿದ್ದೆ ಬರುವುದಿಲ್ಲ. 'ಹಿಂದೆ ಕೂತು ಕುಡೀತಾ ಇರ್ತದೆ' ಎನ್ನುವುದು ವಾದ. 2016ರಲ್ಲಿ ಆಂಡ್ರಾಯ್ಡ್‌ನ ಹೊಣೆ ಹೊತ್ತಿದ್ದ ಗೂಗಲ್‌ನ ಹಿರೋಶಿ ಲಾಕ್‌ಹೈಮರ್, ಆಪಲ್‌ನ ಕ್ರೇಗ್ ಫೆಡೆರಿಘಿ ಇಬ್ಬರೂ ಇದರಿಂದ ಬ್ಯಾಟರಿ ಉಳಿಯುವುದಿಲ್ಲ ಎಂದು ಹೇಳಿದರು. ಕೊಂದ ಆ್ಯಪನ್ನು ಮತ್ತೆ ಮೊದಲಿನಿಂದ ಎಬ್ಬಿಸುವುದಕ್ಕೇ ಹೆಚ್ಚು ಖರ್ಚು ಬೀಳಬಹುದು. ನಾನು ಇದನ್ನು ಹೇಳಿದಾಗ ಭಾವ ಸ್ವಲ್ಪವೂ ವಿಚಲಿತರಾಗಲಿಲ್ಲ.

'ಅವರಿಗೆ ಹೊಸ ಫೋನ್ ಮಾರ್ಲಿಕ್ಕುಂಟು ಮಾರಾಯ. ಅವರು ಇನ್ನೆಂತ ಹೇಳ್ತಾರೆ?'

ಇಲ್ಲಿ ಅವರಿಗೊಂದು ಬ್ರಹ್ಮಾಸ್ತ್ರ ಸಿಕ್ಕಿಬಿಟ್ಟಿದೆ. 2017ರ ಡಿಸೆಂಬರಿನಲ್ಲಿ ಆಪಲ್ ಕಂಪನಿಯೇ, ಬ್ಯಾಟರಿ ಹಳತಾದ ಐಫೋನುಗಳು ಹಠಾತ್ತನೆ ಆರಿಹೋಗದಿರಲೆಂದು ಅವುಗಳ ವೇಗ ತಗ್ಗಿಸುತ್ತಿದ್ದೇವೆ ಎಂದು ಒಪ್ಪಿಕೊಂಡಿತು. ಜನ ಸಿಟ್ಟಾದರು, ಕಂಪನಿ ಕ್ಷಮೆ ಕೇಳಿತು, ಬ್ಯಾಟರಿ ಬದಲಿಸುವ ದರ ಇಳಿಸಿತು. ಭಾವನ ಹತ್ತಿರ ಐಫೋನ್ ಇಲ್ಲ, ಎಂದೂ ಇರಲಿಲ್ಲ. ಆದರೂ ಆ ಗೆಲುವನ್ನು ಅವರು ಸ್ವಂತದ್ದೆಂದೇ ಬಗೆದಿದ್ದಾರೆ. ಕಂಪನಿಗಳ ಬಗ್ಗೆ ಯಾವ ಮಾತು ಬಂದರೂ 'ಡಿಸೆಂಬರ್ 2017' ಎಂದು ಹೇಳಿ ಸುಮ್ಮನಾಗುತ್ತಾರೆ, ಎದುರಿನವರು ತಲೆಬಾಗಿಸಿ ಹೋಗಬೇಕು.

ಏಕಾದಶಿ ದಿನ ಭಾವನಿಗೆ ನಿರ್ಜಲ ಉಪವಾಸ. ಮೊನ್ನೆ ಮೊನ್ನೆಯವರೆಗೆ ತಿಂಗಳಲ್ಲಿ ಒಂದು ಏಕಾದಶಿ ಫೋನಿಗೂ ಇತ್ತು. ಬೆಳಿಗ್ಗೆಯಿಂದ ಚಾರ್ಜರ್ ಮುಟ್ಟಿಸದೆ, ಸೊನ್ನೆಗಿಳಿದು ತಾನಾಗಿ ಕಣ್ಣುಮುಚ್ಚುವವರೆಗೆ ಬಿಡುವುದು, ದ್ವಾದಶಿ ಬೆಳಿಗ್ಗೆ ಇಬ್ಬರಿಗೂ ಒಟ್ಟಿಗೆ ಪಾರಣೆ. ಈ ವ್ರತ ಹಳೇ ಕಾಲದ್ದು. ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳಿಗೆ ಅರ್ಧಂಬರ್ಧ ಚಾರ್ಜಿನ ಅಭ್ಯಾಸವಾದರೆ ಪೂರ್ತಿ ಶಕ್ತಿ ಮರೆತುಹೋಗುವ ರೋಗವಿತ್ತು, ಆಗಾಗ ಖಾಲಿ ಮಾಡಬೇಕಿತ್ತು. ಈಗಿನ ಲಿಥಿಯಂ ಅಯಾನ್‌ಗೆ ಆ ಮರೆವಿಲ್ಲ. ಅದನ್ನು ಸೊನ್ನೆಗಿಳಿಸಿದರೆ ಅದಕ್ಕೇ ಪೆಟ್ಟು. ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದರ ಹಿಂದಿದ್ದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಗುಡ್‌ಇನಫ್ ಅವರಿಗಾಗ 97 ವರ್ಷ. ಇದನ್ನು ಹೇಳಿದಾಗ ಮಾತ್ರ ಭಾವ ಕಿವಿ ನಿಮಿರಿಸಿದರು. 'ತೊಂಬತ್ತೇಳಾ? ಚೆನ್ನಾಗಿ ಇಟ್ಟುಕೊಂಡಿದ್ದಾರೆ' ಎಂದರು. ಆ ಮನುಷ್ಯನ ಮೇಲಿನ ಗೌರವಕ್ಕಾಗಿ ಫೋನಿನ ಏಕಾದಶಿಯನ್ನು ಕೈಬಿಟ್ಟರು. ಈಗ ಅದಕ್ಕೆ ಒಪ್ಪತ್ತು ಮಾತ್ರ: ಇಪ್ಪತ್ತಕ್ಕಿಂತ ಕೆಳಗಿಲ್ಲ, ಎಂಬತ್ತಕ್ಕಿಂತ ಮೇಲಿಲ್ಲ. ಇದು ನಿಜಕ್ಕೂ ಬ್ಯಾಟರಿಗೆ ಒಳ್ಳೆಯದು. ಹೇಗೋ ಸರಿದಾರಿಗೆ ಬಂದರು, ಬಂದ ದಾರಿ ಯಾವುದಾದರೇನು.

ಅವರ ಮೊದಲ ಗುರು ನೋಕಿಯಾ. 2007ರ ಆಗಸ್ಟಿನಲ್ಲಿ ನೋಕಿಯಾ ಕಂಪನಿ ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ ಮತ್ಸುಶಿತ ಕಂಪನಿ ಮಾಡಿಕೊಟ್ಟ 4 ಕೋಟಿ 60 ಲಕ್ಷದಷ್ಟು ಚಾರ್ಜ್ ಮಾಡುವಾಗ ಬಿಸಿಯೇರಬಹುದು ಎಂದು ಎಚ್ಚರಿಸಿತು. ನಮ್ಮ ದೇಶದಲ್ಲಿ ಯಾರ ಕೈಯಲ್ಲಿ ನೋಡಿದರೂ ಆ ಬ್ಯಾಟರಿಯೇ. ಜನ ಫೋನುಗಳ ಬೆನ್ನು ಬಿಚ್ಚಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಗುರುತಿನ ಸಂಖ್ಯೆ ಓದಲು ಹೆಣಗುತ್ತಿದ್ದರು. ಭಾವ ಆಗ ಶಾಖೆಯ ಎಲ್ಲ ಸಿಬ್ಬಂದಿಯ ಬ್ಯಾಟರಿ ಸಂಖ್ಯೆಗಳನ್ನೂ ಭೂತಗನ್ನಡಿ ಹಿಡಿದು ಓದಿ ಪಟ್ಟಿ ಮಾಡಿಕೊಟ್ಟರಂತೆ. ಗ್ರಾಹಕರು ಕೌಂಟರಿನ ಮುಂದೆ ಕಾಯುತ್ತಿದ್ದರಂತೆ. ಈ ಎರಡನೇ ವಾಕ್ಯ ಅಕ್ಕನದು.

ಇಷ್ಟೆಲ್ಲ ಮಾಡುವ ಭಾವ, ಕಾರ್ ಶೆಡ್ ಜಂಕ್ಷನ್ನಿಗೆ ಹೋಗುವಾಗ ಫೋನನ್ನು ಎಲ್ಲಿಡುತ್ತಾರೆ ಗೊತ್ತೇ? ಸ್ಕೂಟರಿನ ಡಿಕ್ಕಿಯಲ್ಲಿ. ಮೇ ತಿಂಗಳ ವೈಜಾಗಿನ ಬಿಸಿಲಿಗೆ ಸ್ಕೂಟರ್ ನಿಲ್ಲಿಸಿ, ಆ ಮುಚ್ಚಿದ ಪೆಟ್ಟಿಗೆಯೊಳಗೆ ಫೋನ್ ಬಿಟ್ಟು ಇವರು ನೆರಳಿನಲ್ಲಿ ಮಜ್ಜಿಗೆ ಕುಡಿಯುತ್ತಾರೆ. ಲಿಥಿಯಂ ಬ್ಯಾಟರಿಗೆ ಬಿಸಿಯಷ್ಟು ದೊಡ್ಡ ಶತ್ರು ಇನ್ನಿಲ್ಲ. 35 ಡಿಗ್ರಿ ದಾಟಿದ ಜಾಗದಲ್ಲಿ ಇಡಬೇಡಿ ಎಂದು ಫೋನಿನವರೇ ಹೇಳುತ್ತಾರೆ. ಗುಲಾಬಿ ಹೂವಿಗೆ ಒಂದು ಪರ್ಸೆಂಟ್ ಬರೆದಿಟ್ಟ ಡೈರಿಯಲ್ಲಿ ಡಿಕ್ಕಿಗೆ ಕಾಲಮ್ಮೇ ಇಲ್ಲ.

ಭಾವ ಚಾರ್ಜು ಉಳಿಸುವುದು ತುರ್ತಿಗೆ ಬೇಕಾಗುತ್ತದೆ ಎಂದು. ಫೋನ್ ಸದಾ ಆಫ್, ಇಲ್ಲವೇ ಫ್ಲೈಟ್ ಮೋಡ್. ಹೀಗಾಗಿ ತುರ್ತು ಬಂದಾಗ ಅವರಿಗೆ ತಿಳಿಯುವುದೇ ಇಲ್ಲ. ಮೊಮ್ಮಗ ಹುಟ್ಟಿದ ಸುದ್ದಿ ಭಾವನಿಗೆ ತಲುಪಿದ್ದು ಅಪಾರ್ಟ್‌ಮೆಂಟಿನ ವಾಚ್‌ಮನ್ ಮೂಲಕ. ಅಕ್ಕನ ಫೋನ್ ಎಂಗೇಜ್ ಬರುತ್ತಿತ್ತೆಂದು ಮಗ ವಾಚ್‌ಮನ್ನಿಗೆ ಫೋನ್ ಮಾಡಿದ. ವಾಚ್‌ಮನ್ನಿನ ಫೋನಿನಲ್ಲಿ ಯಾವಾಗಲೂ ಹಾಡು, ಯಾವಾಗಲೂ ಚಾರ್ಜು. ಆತ ಮೂರು ಮಹಡಿ ಹತ್ತಿ ಬಂದು ಸುದ್ದಿ ಹೇಳಿದಾಗ ಭಾವನ ಕೈಯಲ್ಲಿದ್ದ ಫೋನಿನಲ್ಲಿ ಎಪ್ಪತ್ತೇಳು ಇತ್ತು.

ಈ ಹುಚ್ಚು ಎಲ್ಲಿಂದ ಶುರುವಾಯಿತು ಎಂದು ಒಮ್ಮೆ ಅಕ್ಕನನ್ನು ಕೇಳಿದೆ. ಅವಳು ಡೈರಿಯ ರಾಶಿಯ ತಳದಿಂದ ಒಂದು ಹಳೇ ನೋಟ್‌ಬುಕ್ ತೆಗೆದು ಕೊಟ್ಟಳು.

2014ರ ಅಕ್ಟೋಬರ್ 12, ಭಾನುವಾರ. ಒಮಾನ್ ದೇಶ ಒಂದು ಹಕ್ಕಿಯ ಹೆಸರಿಟ್ಟಿದ್ದ ಹುದ್‌ಹುದ್ ಚಂಡಮಾರುತ ಮಧ್ಯಾಹ್ನದ ಹೊತ್ತಿಗೆ ವಿಶಾಖಪಟ್ಟಣಕ್ಕೇ ಬಂದು ಅಪ್ಪಳಿಸಿತು. ಗಂಟೆಗೆ 180 ಕಿಲೋಮೀಟರ್ ಸುಮಾರಿನ ಗಾಳಿ. ವಿಮಾನ ನಿಲ್ದಾಣದ ಚಾವಣಿಯೇ ಕಿತ್ತುಹೋಯಿತು. ಕಂಬಾಲಕೊಂಡದ ಕಾಡಿನಲ್ಲೂ ನಗರದ ಬೀದಿಗಳಲ್ಲೂ ಲೆಕ್ಕವಿಲ್ಲದಷ್ಟು ಮರ ಉರುಳಿದವು. ಕರೆಂಟು ಕಂಬಗಳು ಮಲಗಿದವು, ಮೊಬೈಲ್ ಟವರುಗಳು ಸುಮ್ಮನಾದವು. ಭಾವ, ಅಕ್ಕ ಮಕ್ಕಳೊಡನೆ ಬಚ್ಚಲುಮನೆಯಲ್ಲಿ ಕೂತಿದ್ದರು, ಕಿಟಕಿಯ ಗಾಜಿಲ್ಲದ ಜಾಗ ಮನೆಯಲ್ಲಿ ಅದೊಂದೇ. ಗಾಳಿ ನಿಂತಾಗ ಭಾವನ ಫೋನಿನಲ್ಲಿ ನಲವತ್ತಮೂರು ಪರ್ಸೆಂಟ್ ಇತ್ತು. ಸಿಗ್ನಲ್ ಬರಬಹುದೆಂದು ರಾತ್ರಿಯಿಡೀ ಆನ್ ಇಟ್ಟರು. ಟವರ್ ಸಿಗದಿದ್ದಾಗ ಫೋನು ಸುಮ್ಮನಿರುವುದಿಲ್ಲ, ಹುಡುಕುತ್ತಲೇ ಇರುತ್ತದೆ, ಹುಡುಕುವುದಕ್ಕೂ ಚಾರ್ಜು ಖರ್ಚಾಗುತ್ತದೆ. ಯಾರಿಗೂ ಒಂದು ಕರೆ ಮಾಡದೆ ಬೆಳಗಾಗುವಷ್ಟರಲ್ಲಿ ಒಂಬತ್ತಕ್ಕಿಳಿದಿತ್ತು.

ಆಮೇಲೆ ಆಫ್ ಮಾಡಿಟ್ಟರು. ಎರಡು ದಿನ ಬಿಟ್ಟು ತಾರಸಿಯ ನೀರಿನ ಟ್ಯಾಂಕಿನ ಮೇಲೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆಂದು ಯಾರೋ ಹೇಳಿದರು. ಭಾವ ಪಂಚೆ ಮೇಲೆ ಕಟ್ಟಿ ಏಣಿ ಹತ್ತಿ, ಫೋನ್ ಆನ್ ಮಾಡಿ, ಉಡುಪಿಯಲ್ಲಿದ್ದ ನಮ್ಮಮ್ಮನಿಗೆ ಒಂದು ಎಸ್ಸೆಮ್ಮೆಸ್ ಒತ್ತಿದರು: 'ಸೌಖ್ಯ. ಚಾರ್ಜ್ ಇಲ್ಲ.' ಹೋಯಿತೋ ಇಲ್ಲವೋ ತಿಳಿಯುವ ಮೊದಲೇ ಫೋನ್ ಆರಿತು. ನಮಗೆ ಅದು ಬಂದಿತ್ತು. ಅಮ್ಮ ಅದನ್ನು ಬೀದಿಯ ಎಲ್ಲರಿಗೂ ತೋರಿಸಿದ್ದಳು. ಬಂತೆಂದು ಅವರಿಗೆ ಗೊತ್ತಾಗಲು ಮತ್ತೆ ಎಷ್ಟೋ ದಿನ ಬೇಕಾಯಿತು.

ಆ ವಾರ ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಕಾರು ಮಾತ್ರ ಮರದಡಿ ಸಿಗದೆ ಉಳಿದಿತ್ತು. ಅದರ ಎಂಜಿನ್ ಚಾಲೂ ಮಾಡಿ, ಅದರಿಂದ ಎಲ್ಲರ ಫೋನುಗಳಿಗೆ ಸರದಿಯಂತೆ ಚಾರ್ಜು. ನೂಕುನುಗ್ಗಲು, ಜಗಳ. ಪೆಟ್ರೋಲಿಗೂ ಸಾಲು ನಿಲ್ಲಬೇಕಾಗಿದ್ದ ದಿನಗಳು. ಭಾವ ಒಂದು ಕುರ್ಚಿ ತಂದು ಕಾರಿನ ಪಕ್ಕ ಹಾಕಿಕೊಂಡು ಕೂತರು. ರಟ್ಟು ಕತ್ತರಿಸಿ ಟೋಕನ್ ಮಾಡಿದರು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದರು: ಫ್ಲ್ಯಾಟ್ ಸಂಖ್ಯೆ, ಸಿಕ್ಕಿಸಿದ ಹೊತ್ತು, ಆಗ ಎಷ್ಟು, ತೆಗೆದಾಗ ಎಷ್ಟು. ಬಾಣಂತಿ ಇದ್ದ ಮನೆಗೆ ಐದು ನಿಮಿಷ ಹೆಚ್ಚು. ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಹೆಚ್ಚಿಲ್ಲ. ಭಾವನ ಸ್ವಂತ ಫೋನಿನ ಸಾಲು ಪುಟದ ಕೊನೆಯಲ್ಲಿತ್ತು.

ಆ ಪುಟ ನೋಡಿದ ಮೇಲೆ ಭಾವನನ್ನು ನೋಡಿ ನಗುವುದು ಸ್ವಲ್ಪ ಕಷ್ಟವಾಯಿತು. ಅಷ್ಟರಲ್ಲಿ ಅವರು ಬಚ್ಚಲಿನಿಂದ ಬಂದು, 'ಈ ಟ್ಯೂಬ್‌ಲೈಟಿನ ಬೆಳಕಿಗೆ ಫೋನಿನ ಬೆಳಕು ತಾನಾಗಿ ಏರ್ತದೆ, ಅದನ್ನು ಆರಿಸು' ಎಂದರು. ನಾನು ಸುಧಾರಿಸಿಕೊಂಡೆ.

ಕಳೆದ ಬೇಸಗೆಯಲ್ಲಿ ಅಕ್ಕನ ಫೋನಿನ ಬೆನ್ನು ಬಿರಿಯಿತು. ಅವಳ ಫೋನೂ ಭಾವನ ಫೋನೂ ಒಂದೇ ಮಾದರಿ, ಒಂದೇ ದಿನ ಕೊಂಡವು. ಅವಳದು ಹಗಲಿರುಳು ಚಾರ್ಜರಿನಲ್ಲೇ ಇರುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ, ಒಲೆಯ ಪಕ್ಕ, ನೂರು ಪರ್ಸೆಂಟಿನಲ್ಲಿ ಧಾರಾವಾಹಿ ತೋರಿಸುತ್ತಾ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ಕೂತಿತ್ತು. ಭಾವನ ಮುಖದಲ್ಲಿ ಆ ದಿನ ಕಂಡ ತೇಜಸ್ಸು ಮಗನ ಮದುವೆಯಲ್ಲೂ ಕಂಡಿರಲಿಲ್ಲ. 'ನಾನು ಹೇಳಿರ್ಲಿಲ್ವಾ?' ಎಂದು ದಾರಿಯುದ್ದಕ್ಕೂ ಹೇಳುತ್ತಾ, ನಮ್ಮಿಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಹೆದ್ದಾರಿ ಬದಿಯ ರಿಪೇರಿ ಅಂಗಡಿಗೆ ಕರೆದೊಯ್ದರು.

ಅಂಗಡಿಯ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಅಕ್ಕನ ಫೋನ್ ನೋಡಿ 'ಉಬ್ಬಿಪೋಯಿಂದಂಡಿ' ಎಂದು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ, ಚುಚ್ಚದಂತೆ ಜೋಪಾನವಾಗಿ ಬದಿಗಿಟ್ಟು, ಹೊಸದು ಹಾಕಿದ. ಭಾವ ತಮ್ಮ ಫೋನನ್ನೂ ಕೌಂಟರಿನ ಮೇಲಿಟ್ಟು, 'ಇದನ್ನೂ ಒಮ್ಮೆ ನೋಡಪ್ಪ. ಹೇಗೆ ಇಟ್ಟುಕೊಳ್ಳಬೇಕು ಅಂತ ಇವರಿಗೆ ಸ್ವಲ್ಪ ತಿಳಿಸು' ಎಂದು ತೆಲುಗಿನಲ್ಲಿ ಹೇಳಿ ನಮ್ಮ ಕಡೆ ತಿರುಗಿ ನಿಂತರು. ಹುಡುಗ ಪುಟ್ಟ ಯಂತ್ರವೊಂದನ್ನು ಸಿಕ್ಕಿಸಿ ನೋಡಿದ. ಇನ್ನೊಮ್ಮೆ ನೋಡಿದ.

'ಇದೂ ಹೋಗಿದೆ ಅಂಕುಲ್.'

ಬ್ಯಾಟರಿಗೆ ವಯಸ್ಸೂ ಆಗುತ್ತದೆ. ಬಳಸಿದರೂ ಆಗುತ್ತದೆ, ಬಳಸದಿದ್ದರೂ ಆಗುತ್ತದೆ, ಬಿಸಿಲಿನ ಡಿಕ್ಕಿಯಲ್ಲಿ ಬೇಗ ಆಗುತ್ತದೆ. ಹುಡುಗ ಇದನ್ನು ತನ್ನ ಮಾತಿನಲ್ಲಿ ಹೇಳಿದ. ಅಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡಳು.

ಭಾವ ಸೋಲಲಿಲ್ಲ. 'ಹೊಸ ಬ್ಯಾಟರಿ ಒಂದು ಕೊಡು. ಹಾಕಬೇಡ. ಇದು ಮುಗಿಯುವವರೆಗೆ ಕಪಾಟಿನಲ್ಲಿ ಇಡ್ತೇನೆ.'

'ಕಪಾಟಿನಲ್ಲಿಟ್ಟರೂ ಇಳಿಯುತ್ತೆ ಅಂಕುಲ್.'

'ಸುಮ್ಮನೆ ಇಟ್ಟರೂ?'

'ಸುಮ್ಮನೆ ಇಟ್ಟರೂ.'

ಠೇವಣಿ ಇಟ್ಟರೆ ಬಡ್ಡಿ ಬರುವುದಿರಲಿ ಅಸಲೇ ಕರಗುತ್ತದೆ ಎಂಬ ಮಾತನ್ನು ಭಾವ ಇಡೀ ಸೇವಾವಧಿಯಲ್ಲಿ ಕೇಳಿರಲಿಲ್ಲ. ಅವರು ಕೌಂಟರಿನ ಅಂಚು ಹಿಡಿದುಕೊಂಡು ಯೋಚಿಸುತ್ತಿರುವಾಗಲೇ ಅಕ್ಕ 'ಮಾರ್ಚೇಯ್ ಬಾಬು', ಬದಲಾಯಿಸಿಬಿಡು ಎಂದು ಫೋನನ್ನು ಹುಡುಗನ ಕಡೆ ತಳ್ಳಿದಳು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಹುಡುಗ ಆನ್ ಮಾಡಿ ಕೊಟ್ಟ. ಭಾವ ಬೈರಾಸು ತಲೆಗೆ ಹೊದ್ದು ಪರದೆಯ ಮೂಲೆ ನೋಡಿದರು, ಬೈರಾಸು ತೆಗೆದು ಹುಡುಗನನ್ನು ನೋಡಿದರು.

'ಅರವತ್ತನಾಲ್ಕು ತೋರಿಸ್ತಾ ಉಂಟು.'

'ಹೊಸದು ಹಾಗೇ ಬರುತ್ತೆ ಅಂಕುಲ್. ಮನೆಗೆ ಹೋಗಿ ಚಾರ್ಜ್ ಹಾಕಿ.'

'ನಿನ್ನ ಕೈಗೆ ಕೊಡುವಾಗ ನನ್ನದರಲ್ಲಿ ಎಪ್ಪತ್ತೊಂದು ಇತ್ತು' ಎಂದು ಭಾವ ಡೈರಿ ಬಿಚ್ಚಿ ತೋರಿಸಿದರು. 'ಮೂರು ಬ್ಯಾಂಕು ಒಂದಾಗುವಾಗ ನನ್ನ ಶಾಖೆಯಲ್ಲಿ ಒಂದು ಖಾತೆಯ ಒಂದು ಪೈಸೆ ಆಚೀಚೆ ಆಗಲಿಲ್ಲ. ಏಳು ಪರ್ಸೆಂಟ್ ಎಲ್ಲಿ ಹೋಯ್ತು?'

ಹುಡುಗ ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಏನೂ ಮಾತಾಡದೆ ಚಾರ್ಜರ್ ತೆಗೆದು ಭಾವನ ಫೋನಿಗೆ ಸಿಕ್ಕಿಸಿದ. ಭಾವ ಅಂಗಡಿಯ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತರು. ಆಟೋದವನಿಗೆ ವೇಟಿಂಗ್ ಚಾರ್ಜು ಏರುತ್ತಿತ್ತು.